ಹಳೇ ಅಂಬಾಸಿಡರ್, ಹೊಸ ಇಸಿಯು: ಟೈಮಿಂಗ್ ಇಡುವ ಬಗೆ



ಯುಗಾದಿ ಕಾರ್ಯಕ್ರಮದ ದಿನ ಸಭಾಂಗಣದ ಹೊರಗೆ ನನ್ನ ಅಂಬಾಸಿಡರ್‌ನ ಬಾನೆಟ್ ತೆರೆದಿದ್ದೆ. ಏಳೆಂಟು ಮಂದಿ ಸುತ್ತ ಸೇರಿಕೊಂಡರು. ಕಾಸರಗೋಡಿನಿಂದ ಬಂದಿದ್ದ ಹಿರಿಯರೊಬ್ಬರು ಒಳಗೆ ಬಗ್ಗಿ ನೋಡಿ, "ಡಿಸ್ಟ್ರಿಬ್ಯೂಟರ್ ಎಲ್ಲಿ ಹೋಯಿತು ಮಾರಾಯ್ರೆ?" ಎಂದರು. ಸೊಲ್ಲಾಪುರದ ಕಡೆಯವರು, "ಇದಕ್ಕ ಕಂಪ್ಯೂಟರ್ ಹಾಕೀರೇನ್ರೀ?" ಎಂದು ನಕ್ಕರು. ಊಟಕ್ಕೆ ಕರೆ ಬಂದದ್ದರಿಂದ ಮಾತು ಅರ್ಧಕ್ಕೇ ನಿಂತಿತು. ಆಮೇಲೆ ಮೂವರು ಫೋನ್ ಮಾಡಿ ಅದನ್ನೇ ಕೇಳಿದರು. ಅವರಲ್ಲಿ ಇಬ್ಬರು ಆಗಲೇ ಸಾಮಾನು ತರಿಸಿಕೊಂಡಿದ್ದಾರಂತೆ. ಹಾಗಾಗಿ ಉತ್ತರವನ್ನು ಇಲ್ಲೇ ಬರೆಯುತ್ತಿದ್ದೇನೆ. ಇದೇ ಕೆಲಸದಲ್ಲಿ ನಾನೊಂದು ಪಿಸ್ಟನ್ ಕಳೆದುಕೊಂಡೆ. ಆ ಇಬ್ಬರಿಗೆ ಹಾಗಾಗುವುದು ಬೇಡ.

ಮೊದಲು ಡಿಸ್ಟ್ರಿಬ್ಯೂಟರ್ ಏನು ಮಾಡುತ್ತಿತ್ತು ಎಂದು ನೆನಪಿಸಿಕೊಳ್ಳೋಣ. ಪ್ಲಗ್‌ನಲ್ಲಿ ಕಿಡಿ ಹಾರಿದ ಕೂಡಲೇ ಸಿಲಿಂಡರ್ ಒಳಗಿನ ಪೆಟ್ರೋಲ್ ಮತ್ತು ಗಾಳಿ ಒಮ್ಮೆಗೇ ಸಿಡಿಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಿಜದಲ್ಲಿ ಅದು ಉರಿಯುತ್ತದೆ. ಹುಲ್ಲಿನ ಬಣವೆಯ ಒಂದು ಮೂಲೆಗೆ ಕಿಚ್ಚು ತಗುಲಿ ಮತ್ತೊಂದು ಮೂಲೆಗೆ ಹರಡುವಂತೆ, ಜ್ವಾಲೆ ಪ್ಲಗ್‌ನಿಂದ ಹೊರಟು ಎದುರು ಗೋಡೆ ಮುಟ್ಟಲು ಸಮಯ ಬೇಕು. ಕೆಲವೇ ಮಿಲಿಸೆಕೆಂಡ್, ಆದರೆ ಅಷ್ಟರಲ್ಲಿ ಕ್ರ್ಯಾಂಕ್ ಸುಮ್ಮನೆ ನಿಂತಿರುವುದಿಲ್ಲ. ಪಿಸ್ಟನ್ ತುದಿ ಮುಟ್ಟಿ, ಅಂದರೆ ಟಾಪ್ ಡೆಡ್ ಸೆಂಟರ್ ದಾಟಿ, ಸುಮಾರು 15 ಡಿಗ್ರಿ ಇಳಿಯುವ ಹೊತ್ತಿಗೆ ಒತ್ತಡ ಅತಿ ಹೆಚ್ಚಾಗಿದ್ದರೆ ಎಂಜಿನ್‌ಗೆ ಒಳ್ಳೆಯ ತಳ್ಳು ಸಿಗುತ್ತದೆ. ಅದಕ್ಕಾಗಿ ಕಿಡಿಯನ್ನು ಪಿಸ್ಟನ್ ಮೇಲೇರುತ್ತಿರುವಾಗಲೇ ಕೊಡಬೇಕು. ಇದನ್ನೇ ಅಡ್ವಾನ್ಸ್ ಅನ್ನುವುದು.

ಎಷ್ಟು ಮೊದಲು? ಇಲ್ಲಿ ಒಂದು ಸಣ್ಣ ಲೆಕ್ಕ ಮನಸ್ಸಿನಲ್ಲಿರಲಿ, ಮುಂದೆ ಮತ್ತೆ ಬೇಕಾಗುತ್ತದೆ. ಎಂಜಿನ್ 1000 ಆರ್‌ಪಿಎಂನಲ್ಲಿ ತಿರುಗುವಾಗ ಒಂದು ಮಿಲಿಸೆಕೆಂಡಿಗೆ ಕ್ರ್ಯಾಂಕ್ 6 ಡಿಗ್ರಿ ತಿರುಗುತ್ತದೆ. 3000ದಲ್ಲಿ ಅದು 18 ಡಿಗ್ರಿ, 5000ದಲ್ಲಿ 30 ಡಿಗ್ರಿ. ಉರಿಯಲು ಬೇಕಾದ ಹೊತ್ತು ಅದೇ ಪ್ರಮಾಣದಲ್ಲಿ ಕಡಿಮೆಯಾಗುವುದಿಲ್ಲವಾದ್ದರಿಂದ ವೇಗ ಏರಿದಂತೆ ಕಿಡಿ ಇನ್ನೂ ಮುಂಚೆ ಬರಬೇಕು. ಡಿಸ್ಟ್ರಿಬ್ಯೂಟರ್ ಒಳಗಿನ ಎರಡು ತೂಕಗಳು ಸ್ಪ್ರಿಂಗ್ ಎಳೆದುಕೊಂಡು ಹೊರಕ್ಕೆ ಸರಿದು ಈ ಕೆಲಸ ಮಾಡುತ್ತಿದ್ದವು. ಪಕ್ಕಕ್ಕೆ ಅಂಟಿಕೊಂಡ ವ್ಯಾಕ್ಯೂಮ್ ಡಬ್ಬಿ ಇನ್ನೊಂದನ್ನು ಮಾಡುತ್ತಿತ್ತು: ಆಕ್ಸಿಲರೇಟರ್ ಅರೆಬರೆ ಒತ್ತಿ ನೆಟ್ಟಗೆ ಹೋಗುವಾಗ ಸಿಲಿಂಡರ್ ಒಳಗೆ ತುಂಬುವುದು ಕಡಿಮೆ, ತೆಳುವಾದ ಮಿಶ್ರಣ ನಿಧಾನ ಉರಿಯುತ್ತದೆ, ಹಾಗಾಗಿ ಇನ್ನಷ್ಟು ಅಡ್ವಾನ್ಸ್.

ಚಾರ್ಲ್ಸ್ ಕೆಟರಿಂಗ್ ಎಂಬ ಅಮೆರಿಕದ ಎಂಜಿನಿಯರ್ ರೂಪಿಸಿದ ಬ್ಯಾಟರಿ, ಕಾಯಿಲ್, ಪಾಯಿಂಟ್ ವ್ಯವಸ್ಥೆ 1910ರ ಕ್ಯಾಡಿಲಾಕ್ ಕಾರಿಗೆ ಬಂದದ್ದು. ನಮ್ಮ ಅಂಬಾಸಿಡರ್, ಫಿಯೆಟ್‌ಗಳ ಕಾಲದವರೆಗೂ ಅದೇ ನಡೆಯಿತು. ಅದನ್ನು ಕೆಟ್ಟದ್ದು ಎಂದು ನಾನು ಹೇಳಲಾರೆ. ರಸ್ತೆ ಬದಿಯಲ್ಲಿ ಉಪ್ಪುಕಾಗದದ ಚೂರಿನಿಂದ ಪಾಯಿಂಟ್ ಉಜ್ಜಿ ಮನೆಗೆ ಬಂದ ನೆನಪು ನಿಮಗೂ ಇರಬಹುದು. ತೊಂದರೆ ಏನೆಂದರೆ ಐವತ್ತು ವರ್ಷದ ಡಿಸ್ಟ್ರಿಬ್ಯೂಟರ್‌ನ ಬುಷ್ ಸವೆದಿರುತ್ತದೆ, ಸ್ಪ್ರಿಂಗ್ ಸಡಿಲವಾಗಿರುತ್ತದೆ, ವ್ಯಾಕ್ಯೂಮ್ ಡಬ್ಬಿಯ ಪೊರೆ ಹರಿದಿರುತ್ತದೆ. ನನ್ನದರಲ್ಲಿ ಮೂರೂ ಆಗಿತ್ತು. ಈಗ ಸಿಗುವ ಕಂಡೆನ್ಸರ್‌ಗಳ ಬಗ್ಗೆ ಮಾತಾಡದಿರುವುದೇ ಮೇಲು. ಆದ್ದರಿಂದ ಇಸಿಯು ಹಾಕುವ ಯೋಚನೆ ಬಂತು.

ನನ್ನದು 1489 ಸಿಸಿಯ ಹಳೆಯ ಪೆಟ್ರೋಲ್ ಎಂಜಿನ್. ಕಾರ್ಬ್ಯುರೇಟರ್ ಹಾಗೇ ಇದೆ. ಇಸಿಯು ನೋಡಿಕೊಳ್ಳುವುದು ಕಿಡಿಯೊಂದನ್ನೇ. ಇಂಥ ಕೆಲಸಕ್ಕೆ ಮೆಗಾಜೋಲ್ಟ್, ಮೆಗಾಸ್ಕ್ವರ್ಟ್, ಸ್ಪೀಡುಯಿನೊ ಮುಂತಾದವು ಪ್ರಸಿದ್ಧ. ಸ್ಪೀಡುಯಿನೊ ಎಂಬುದು ಆರ್ಡುಯಿನೊ ಮೆಗಾ ಬೋರ್ಡಿನ ಮೇಲೆ ನಡೆಯುವ, ವಿನ್ಯಾಸವನ್ನು ಯಾರು ಬೇಕಾದರೂ ಬಳಸಬಹುದಾದ ಇಸಿಯು. ಹೆಸರು ಯಾವುದಾದರೂ ಇರಲಿ, ಟೈಮಿಂಗ್ ಇಡುವ ತತ್ವ ಒಂದೇ.

ಕ್ರ್ಯಾಂಕ್ ಪುಲ್ಲಿಯ ಮೇಲೆ ಹಲ್ಲಿನ ಚಕ್ರವೊಂದು ಕೂರುತ್ತದೆ. ಹೊಸೂರಿನ ಸಿಪ್ಕಾಟ್ ಕಡೆಯ ಲೇತ್ ಅಂಗಡಿಯಲ್ಲಿ ಮಾಡಿಸಿದೆ, ಉಕ್ಕಿನ ತಗಡು. 36 ಹಲ್ಲುಗಳ ಜಾಗ, ಅದರಲ್ಲಿ ಒಂದು ಹಲ್ಲು ಬೇಕೆಂದೇ ಇಲ್ಲ. ಹಲ್ಲಿನಿಂದ ಹಲ್ಲಿಗೆ 10 ಡಿಗ್ರಿ. ಚಕ್ರದ ಎದುರು ಒಂದು ಮಿಲಿಮೀಟರ್‌ನಷ್ಟು ಸಂದು ಬಿಟ್ಟು ಸೆನ್ಸರ್ ಇರುತ್ತದೆ. ಹಲ್ಲುಗಳು ದಾಟಿದಂತೆ ಇಸಿಯು ಎಣಿಸುತ್ತದೆ. ಇಲ್ಲದ ಹಲ್ಲಿನ ಜಾಗ ಬಂದಾಗ "ಒಂದು ಸುತ್ತು ಮುಗಿಯಿತು" ಎಂದು ತಿಳಿಯುತ್ತದೆ. ಆ ಖಾಲಿ ಜಾಗದ ನಂತರ ಬರುವ ಹಲ್ಲಿಗೆ ಮೊದಲನೇ ಹಲ್ಲು ಎಂದು ಹೆಸರು. ಕಿಡಿ ಕೊಡಲು ಎರಡು ಜೋಡಿ ಕಾಯಿಲ್: ಒಂದು ಜೋಡಿ 1 ಮತ್ತು 4ನೇ ಸಿಲಿಂಡರ್‌ಗೆ, ಇನ್ನೊಂದು 2 ಮತ್ತು 3ಕ್ಕೆ. ಎರಡರಲ್ಲೂ ಒಟ್ಟಿಗೆ ಕಿಡಿ ಹಾರುತ್ತದೆ. ಒಂದು ಕೆಲಸಕ್ಕೆ, ಇನ್ನೊಂದು ಹೊಗೆ ಹೊರಹೋಗುತ್ತಿರುವ ಸಿಲಿಂಡರ್‌ನಲ್ಲಿ ವ್ಯರ್ಥ.

ಈಗ ಮುಖ್ಯ ವಿಷಯ. ಇಸಿಯುಗೆ ಹಲ್ಲು ಕಾಣುತ್ತದೆ, ಪಿಸ್ಟನ್ ಕಾಣುವುದಿಲ್ಲ. ಮೊದಲನೇ ಹಲ್ಲು ಸೆನ್ಸರ್ ಮುಂದೆ ಬಂದಾಗ ಪಿಸ್ಟನ್ ಎಲ್ಲಿರುತ್ತದೆ ಎಂಬುದನ್ನು ನಾವು ಒಂದು ಅಂಕಿಯಾಗಿ ಬರೆದುಕೊಡಬೇಕು. ಅದಕ್ಕೆ ಟ್ರಿಗರ್ ಆಂಗಲ್ ಅನ್ನುತ್ತಾರೆ. ಆ ಅಂಕಿ ತಪ್ಪಿದರೆ ಇಸಿಯು ಕೊಡುವ ಪ್ರತಿಯೊಂದು ಕಿಡಿಯೂ ಅಷ್ಟೇ ತಪ್ಪು. ಆದರೆ ಲ್ಯಾಪ್‌ಟಾಪ್ ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ನನಗೆ ಆದದ್ದು ಇದೇ. ಎಂಜಿನ್ ಅನ್ನು ಟಿಡಿಸಿಯಲ್ಲಿ ನಿಲ್ಲಿಸಿ, ಸೆನ್ಸರ್‌ನಿಂದ ಮೊದಲನೇ ಹಲ್ಲಿನವರೆಗೆ ಎಣಿಸಿದೆ. ಸೆನ್ಸರ್ ಎದುರು ಆಗಲೇ ನಿಂತಿದ್ದ ಹಲ್ಲನ್ನೂ "ಒಂದು" ಎಂದು ಲೆಕ್ಕಕ್ಕೆ ತೆಗೆದುಕೊಂಡೆ. ಅದು ಸೊನ್ನೆಯಾಗಬೇಕಿತ್ತು. ಎಂಟು ಇರಬೇಕಾದಲ್ಲಿ ಒಂಬತ್ತು ಬಂತು. 80 ಎಂದು ಬರೆಯಬೇಕಾದಲ್ಲಿ 90 ಬರೆದೆ. ಸ್ಟಾರ್ಟ್ ಮಾಡಿದರೆ ಎಂಜಿನ್ ಎಂದೂ ಇಲ್ಲದಷ್ಟು ನುಣ್ಣಗೆ ನಿಂತಿತು, ಪಿಕಪ್ ಚುರುಕಾಯಿತು. ಐಡಲ್‌ನಲ್ಲಿ ಕಿಡಿ ಮುಂದೆ ಹೋದರೆ ಹಳೆಯ ಎಂಜಿನ್‌ಗಳು ಹೀಗೆ ಖುಷಿಯಾಗಿಯೇ ಓಡುತ್ತವೆ, ಅದೇ ಮೋಸ. ಪರದೆ 10 ಡಿಗ್ರಿ ಎಂದು ತೋರಿಸುತ್ತಿತ್ತು. ನಿಜದಲ್ಲಿ 20 ಇತ್ತು.

ಒಂದು ವಾರದ ನಂತರ ತಾಳವಾಡಿಯ ಮದುವೆಗೆ ಹೊರಟೆವು. ಸತ್ಯಮಂಗಲದಲ್ಲಿ ಅತ್ತೆಯವರನ್ನು ಹತ್ತಿಸಿಕೊಂಡು ಬಣ್ಣಾರಿ ದಾಟಿ ದಿಂಬಂ ಘಾಟಿ. 27 ತಿರುವುಗಳು, ಏಪ್ರಿಲ್ ಬಿಸಿಲು, ಐದು ಜನ, ಡಿಕ್ಕಿ ತುಂಬ ಸಾಮಾನು. ಸೆಕೆಂಡ್ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಟಿನ್ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು. ಅದು ನಾಕಿಂಗ್ ಎಂದು ಗೊತ್ತಿತ್ತು. ಪರದೆ ಸರಿಯಾಗಿಯೇ ಇದೆಯಲ್ಲ, ಪೆಟ್ರೋಲ್ ಸರಿಯಿಲ್ಲವೇನೋ ಅಂದುಕೊಂಡು ಎಳೆದೆ. ಮೇಲೆ ಹೋಗುವಷ್ಟರಲ್ಲಿ ಒಂದು ಸಿಲಿಂಡರ್ ಸತ್ತಿತ್ತು, ಹಿಂದೆ ನೀಲಿ ಹೊಗೆ. ಮದುವೆಗೆ ಹಾಲಿನ ವ್ಯಾನಿನಲ್ಲಿ ಹೋದೆವು. ಅತ್ತೆಯವರು ಅದನ್ನು ಈಗಲೂ ಮರೆತಿಲ್ಲ.

ಹೆಡ್ ಬಿಚ್ಚಿದಾಗ 3ನೇ ಪಿಸ್ಟನ್‌ನಲ್ಲಿ ರಿಂಗ್ ಕೂರುವ ಅಂಚು ಮುರಿದಿತ್ತು. ನಮ್ಮ ಮೇಸ್ತ್ರಿ ಅದನ್ನು ಬೆರಳಿನಿಂದ ಸವರಿ ನೋಡಿ ಒಂದೇ ಪ್ರಶ್ನೆ ಕೇಳಿದರು: "ಲೈಟ್ ಹಿಡಿದು ನೋಡಿದ್ರಾ ಸಾರ್?" ನೋಡಿರಲಿಲ್ಲ. ಪರದೆಯಲ್ಲಿ ಹತ್ತು ಅಂತ ಬರ್ತಿತ್ತು ಅಂದೆ. "ಕಂಪ್ಯೂಟರ್ ಹತ್ತು ಅಂದ್ರೆ ಹತ್ತಾಗೋಯ್ತಾ? ಅದಕ್ಕೆ ಹೇಳಿಕೊಟ್ಟೋರು ಯಾರು, ನೀವೇ ಅಲ್ವಾ?" ಅಂದರು.

ಹಾಗಾದರೆ ಸರಿಯಾಗಿ ಮಾಡುವುದು ಹೇಗೆ?

ಟಿಡಿಸಿ ಹುಡುಕುವುದರಿಂದ ಶುರು ಮಾಡಿ. ಪ್ಲಗ್ ತೂತಿನೊಳಗೆ ಕಡ್ಡಿಯನ್ನೋ ಸ್ಕ್ರೂಡ್ರೈವರನ್ನೋ ಇಟ್ಟು ಅದು ಏರಿ ನಿಂತ ಜಾಗವೇ ಟಿಡಿಸಿ ಎಂದು ಬಹಳ ಮಂದಿ ಮಾಡುತ್ತಾರೆ. ಸಾಲದು. ಪಿಸ್ಟನ್ ತುದಿಯಲ್ಲಿದ್ದಾಗ ಬಹಳ ಸೋಮಾರಿ. ನನ್ನ ಎಂಜಿನ್‌ನ ಸ್ಟ್ರೋಕ್ 88.9 ಮಿ.ಮೀ. ಕ್ರ್ಯಾಂಕ್ ಟಿಡಿಸಿಯಿಂದ 5 ಡಿಗ್ರಿ ಸರಿದರೂ ಪಿಸ್ಟನ್ ಇಳಿಯುವುದು ಸುಮಾರು 0.2 ಮಿ.ಮೀ. ಮಾತ್ರ. ಅದು ಕಡ್ಡಿಯಲ್ಲಿ ಕಣ್ಣಿಗೆ ಕಾಣುವುದಿಲ್ಲ. ಹಾಗೆ ನೋಡಿದರೆ 5 ಡಿಗ್ರಿ ತಪ್ಪುವುದು ಬಹಳ ಸುಲಭ.

ಬದಲಿಗೆ ಹೀಗೆ ಮಾಡಿ. ಬ್ಯಾಟರಿ ವಯರ್ ಬಿಚ್ಚಿ. ನಾಲ್ಕೂ ಪ್ಲಗ್ ತೆಗೆಯಿರಿ. ಹಳೆಯ ಪ್ಲಗ್‌ನ ಒಳಗಿನ ಪಿಂಗಾಣಿ ತೆಗೆದು, ಅದರಲ್ಲಿ ಮೂತಿ ದುಂಡಗಿರುವ ಬೋಲ್ಟ್ ಕೂರಿಸಿದರೆ ಒಂದು ತಡೆ ಸಿದ್ಧ. ಲೇತ್ ಅಂಗಡಿಯಲ್ಲಿ ಹತ್ತು ನಿಮಿಷದ ಕೆಲಸ. ಪಿಸ್ಟನ್ ಕೆಳಗಿರುವಾಗಲೇ ಅದನ್ನು 1ನೇ ಸಿಲಿಂಡರ್‌ಗೆ ಹಾಕಿ. ಎಂಜಿನ್ ಅನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಅಂಬಾಸಿಡರ್‌ಗೆ ಹ್ಯಾಂಡಲ್ ಇದೆ, ಇಲ್ಲದಿದ್ದರೆ ಪುಲ್ಲಿ ನಟ್ಟಿಗೆ ಸ್ಪ್ಯಾನರ್. ಪಿಸ್ಟನ್ ತಡೆಗೆ ಮುಟ್ಟಿ ನಿಂತಾಗ ಪುಲ್ಲಿಯ ಮೇಲೆ ಗುರುತು ಹಾಕಿ. ಈಗ ಸ್ಪ್ಯಾನರ್‌ನಿಂದ ಹಿಂದಕ್ಕೆ ತಿರುಗಿಸಿ, ಆ ಕಡೆಯಿಂದ ಮುಟ್ಟಿ ನಿಂತಲ್ಲಿ ಇನ್ನೊಂದು ಗುರುತು. ಎರಡರ ಸರಿ ಮಧ್ಯ ಟಿಡಿಸಿ. ತಡೆ ಎಷ್ಟು ಒಳಗಿದೆ ಎಂಬುದು ಮುಖ್ಯವೇ ಅಲ್ಲ, ಎರಡೂ ಕಡೆ ಅದು ಅಷ್ಟೇ ಇರುತ್ತದೆ. ಸ್ಟಾರ್ಟರ್‌ನಿಂದ ಮಾತ್ರ ತಿರುಗಿಸಬೇಡಿ, ಪಿಸ್ಟನ್ ತೂತಾಗುತ್ತದೆ. ಮುಗಿದ ಮೇಲೆ ತಡೆ ತೆಗೆದಿದ್ದೀರಾ ಎಂದು ಇನ್ನೊಮ್ಮೆ ನೋಡಿ.

ಕಾರ್ಖಾನೆಯ ಗುರುತು ಇರುವುದಿಲ್ಲವೇ ಎಂದು ಕೇಳಬಹುದು. ಇರುತ್ತದೆ. ಆದರೆ ಐವತ್ತು ವರ್ಷದಲ್ಲಿ ಪುಲ್ಲಿ ಯಾವ ಗಾಡಿಯದು, ಟೈಮಿಂಗ್ ಕವರ್ ಯಾವ ಗಾಡಿಯದು ಎಂದು ಹೇಳುವುದು ಕಷ್ಟ. ಕೆಲವು ಕಾರುಗಳ ಪುಲ್ಲಿಯಲ್ಲಿ ನಡುವೆ ರಬ್ಬರ್ ಇರುತ್ತದೆ, ಅದು ಜಾರಿ ಹೊರಗಿನ ಬಳೆ ತಿರುಗಿಬಿಟ್ಟಿರುತ್ತದೆ. ನನ್ನದರಲ್ಲಿ ಕಾರ್ಖಾನೆಯ ಗುರುತಿಗೂ ನಾನು ಕಂಡುಹಿಡಿದ ಟಿಡಿಸಿಗೂ 2 ಡಿಗ್ರಿ ವ್ಯತ್ಯಾಸವಿತ್ತು.

ಇನ್ನು ಡಿಗ್ರಿ ಗುರುತುಗಳು. ಪುಲ್ಲಿಯ ಸುತ್ತಳತೆಯನ್ನು ಕಾಗದದ ಪಟ್ಟಿ ಸುತ್ತಿ ಅಳೆಯಿರಿ. 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ ಎಷ್ಟು ಮಿಲಿಮೀಟರ್ ಎಂದು ಬರುತ್ತದೆ. ಉದಾಹರಣೆಗೆ ಪುಲ್ಲಿಯ ವ್ಯಾಸ 140 ಮಿ.ಮೀ. ಇದ್ದರೆ ಸುತ್ತಳತೆ ಸುಮಾರು 440, 10 ಡಿಗ್ರಿಗೆ 12.2 ಮಿ.ಮೀ. ಟಿಡಿಸಿ, 10, 20, 30 ಎಂದು ನಾಲ್ಕು ಗುರುತು ಹಾಕಿ. ಎಂಜಿನ್ ಓಡುವ ದಿಕ್ಕಿನಲ್ಲಿ 10ರ ಗುರುತು ಕಡ್ಡಿಯ ಮುಂದೆ ಮೊದಲು ಬರಬೇಕು, ಟಿಡಿಸಿ ಆಮೇಲೆ. ಇದನ್ನು ಉಲ್ಟಾ ಹಾಕಿದವರನ್ನು ನಾನು ಕಂಡಿದ್ದೇನೆ. ಗುರುತಿಗೆ ಬಿಳಿ ನೇಲ್ ಪಾಲಿಶ್ ಬಹಳ ಒಳ್ಳೆಯದು, ಎಣ್ಣೆಗೆ ಅಳಿಯುವುದಿಲ್ಲ. ಮನೆಯಲ್ಲಿ ಕೇಳಿ ತೆಗೆದುಕೊಳ್ಳಿ.

ಈಗ ಟ್ರಿಗರ್ ಆಂಗಲ್. ಎಂಜಿನ್ ಟಿಡಿಸಿಯಲ್ಲಿ ಇರಲಿ. ಅಲ್ಲಿಂದ ಓಡುವ ದಿಕ್ಕಿಗೇ ತಿರುಗಿಸುತ್ತ ಹೋದರೆ ಎಷ್ಟು ಡಿಗ್ರಿಗೆ ಮೊದಲನೇ ಹಲ್ಲು ಸೆನ್ಸರ್ ಮುಂದೆ ಬರುತ್ತದೆಯೋ ಅದೇ ಅಂಕಿ. ಸ್ಪೀಡುಯಿನೊದಲ್ಲಿ ಲೆಕ್ಕ ಹೀಗೆ, ಟಿಡಿಸಿ ದಾಟಿದ ನಂತರದ ಡಿಗ್ರಿ. ಬೇರೆಯವುಗಳಲ್ಲಿ ಬೇರೆ ರೀತಿ ಎಣಿಸುವುದೂ ಉಂಟು, ಅದರದರ ಕೈಪಿಡಿ ನೋಡಿ. ಎಣಿಸಿದ ಅಂಕಿ ಅಂದಾಜು ಮಾತ್ರ ಎಂದು ತಿಳಿಯಿರಿ. ಸೆನ್ಸರ್‌ನ ನಡು ಎಲ್ಲಿ, ಹಲ್ಲಿನ ಅಂಚು ಎಲ್ಲಿ ಎಂಬುದರಲ್ಲೇ ಎರಡು ಮೂರು ಡಿಗ್ರಿ ಹೋಗುತ್ತದೆ.

ಕಾಯಿಲ್ ಜೋಡಿಸುವ ಮೊದಲು ಒಂದು ಎಚ್ಚರಿಕೆ. ಇಸಿಯುನ ಸ್ಪಾರ್ಕ್ ಔಟ್‌ಪುಟ್ ಸಿಗ್ನಲ್ ಏರಿದಾಗ ಕಿಡಿಯೋ ಇಳಿದಾಗ ಕಿಡಿಯೋ ಎಂಬ ಆಯ್ಕೆ ಸಾಫ್ಟ್‌ವೇರ್‌ನಲ್ಲಿ ಇರುತ್ತದೆ. ಅದು ಉಲ್ಟಾ ಇದ್ದರೆ ಕೀ ಹಾಕಿದ ಕ್ಷಣದಿಂದ ಕಾಯಿಲ್‌ಗೆ ಕರೆಂಟ್ ಹರಿಯುತ್ತಲೇ ಇರುತ್ತದೆ, ಕೆಲವೇ ಹೊತ್ತಿನಲ್ಲಿ ಸುಟ್ಟುಹೋಗುತ್ತದೆ. ಎಂಜಿನ್ ನಿಂತಿರುವಾಗ ಕೀ ಹಾಕಿ ಕಾಯಿಲ್ ಮುಟ್ಟಿ ನೋಡಿ, ಬೆಚ್ಚಗಾಗುತ್ತಿದ್ದರೆ ತಕ್ಷಣ ಆರಿಸಿ. ಕಾಯಿಲ್ ತುಂಬುವ ಹೊತ್ತು, ಡ್ವೆಲ್ ಅನ್ನುತ್ತಾರಲ್ಲ, ನನ್ನದರಲ್ಲಿ 3 ಮಿಲಿಸೆಕೆಂಡ್. ಪ್ಲಗ್‌ಗಳು ರೆಸಿಸ್ಟರ್ ಇರುವಂಥವೇ ಆಗಬೇಕು, ವಯರ್‌ಗಳೂ ಹಾಗೆಯೇ. ಹಳೆಯ ತಾಮ್ರದ ತಂತಿ ಹಾಕಿದರೆ ಅದರ ಗದ್ದಲಕ್ಕೆ ಇಸಿಯು ಹಲ್ಲುಗಳ ಲೆಕ್ಕ ತಪ್ಪುತ್ತದೆ.

ಸಾಫ್ಟ್‌ವೇರ್‌ನಲ್ಲಿ ಫಿಕ್ಸೆಡ್ ಟೈಮಿಂಗ್ ಎಂಬ ಆಯ್ಕೆ ಇದೆ. ಅದನ್ನು ಆನ್ ಮಾಡಿ 10 ಡಿಗ್ರಿ ಕೊಡಿ. ಈಗ ವೇಗ ಎಷ್ಟೇ ಇರಲಿ, ಮ್ಯಾಪ್ ಏನೇ ಹೇಳಲಿ, ಇಸಿಯು ತಾನು 10 ಎಂದು ನಂಬಿದ ಜಾಗದಲ್ಲೇ ಕಿಡಿ ಕೊಡುತ್ತದೆ. ಅದರ ನಂಬಿಕೆ ನಿಜವೇ ಎಂದು ನಾವು ಟೈಮಿಂಗ್ ಲೈಟ್‌ನಿಂದ ನೋಡಬೇಕು. ಮೊದಲ ಸಲ ಪ್ಲಗ್‌ಗಳನ್ನು ಎಂಜಿನ್‌ನಿಂದ ಬಿಚ್ಚಿ, ವಯರ್ ಸಮೇತ ಬಾಡಿಗೆ ಗಟ್ಟಿಯಾಗಿ ಅರ್ತ್ ಮಾಡಿ, ಪೆಟ್ರೋಲ್ ನಿಲ್ಲಿಸಿ, ಸ್ಟಾರ್ಟರ್ ತಿರುಗಿಸಿಯೇ ನೋಡಿ. ಪ್ಲಗ್ ತೂತುಗಳ ಹತ್ತಿರ ಪೆಟ್ರೋಲ್ ಆವಿ ಇರಬಾರದು. ದೊಡ್ಡ ತಪ್ಪಿದ್ದರೆ ಇಲ್ಲೇ ಗೊತ್ತಾಗುತ್ತದೆ, ಎಂಜಿನ್‌ಗೆ ಏನೂ ಆಗುವುದಿಲ್ಲ. ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ.

ಲೈಟ್‌ನ ಕ್ಲಿಪ್ಪು 1ನೇ ಸಿಲಿಂಡರ್‌ನ ವಯರಿಗೆ. ಸಂಜೆಯ ಮಬ್ಬು ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ. ಪುಲ್ಲಿಯ ಮುಂದೆಯೇ ಫ್ಯಾನ್ ತಿರುಗುತ್ತಿರುತ್ತದೆ, ಲೈಟ್‌ನ ಬೆಳಕಿನಲ್ಲಿ ಅದು ನಿಂತಂತೆ ಕಾಣುತ್ತದೆ. ಪಂಚೆ, ಶಲ್ಯ, ಉದ್ದ ತೋಳಿನ ಅಂಗಿ ಬೇಡ. ಇನ್ನೊಂದು ಮಾತು: ಹೊಸ ಲೈಟ್‌ಗಳಲ್ಲಿ ಡಿಗ್ರಿ ತಿರುಗಿಸುವ ಗುಂಡಿ ಇರುತ್ತದೆ. ನಮ್ಮ ಜೋಡಿ ಕಾಯಿಲ್‌ನಲ್ಲಿ ಪ್ರತಿ ಸುತ್ತಿಗೂ ಕಿಡಿ ಹಾರುವುದರಿಂದ ಅಂಥ ಲೈಟ್ ಲೆಕ್ಕ ತಪ್ಪುತ್ತದೆ, ಆರ್‌ಪಿಎಂ ಎರಡರಷ್ಟು ತೋರಿಸುತ್ತದೆ. ಗುಂಡಿಯನ್ನು ಸೊನ್ನೆಯಲ್ಲಿಟ್ಟು ಪುಲ್ಲಿಯ ಗುರುತನ್ನೇ ನೋಡಿ. ಗುಂಡಿ ಇಲ್ಲದ ಹಳೆಯ ಲೈಟ್ ಈ ಕೆಲಸಕ್ಕೆ ಒಳ್ಳೆಯದು.

10ರ ಗುರುತು ಕಡ್ಡಿಯ ಎದುರು ನಿಂತಿದೆಯೇ? ಇಲ್ಲದಿದ್ದರೆ ಟ್ರಿಗರ್ ಆಂಗಲ್ ಬದಲಿಸಿ. ಸ್ಪೀಡುಯಿನೊದಲ್ಲಿ ಆ ಅಂಕಿ ಹೆಚ್ಚಿಸಿದರೆ ಕಿಡಿ ಮುಂಚೆ ಬರುತ್ತದೆ, ಕಡಿಮೆ ಮಾಡಿದರೆ ತಡವಾಗುತ್ತದೆ. ಲೈಟ್ 20 ತೋರಿಸುತ್ತಿದ್ದರೆ 10 ಕಳೆಯಿರಿ, 7 ತೋರಿಸುತ್ತಿದ್ದರೆ 3 ಕೂಡಿಸಿ. ದಿಕ್ಕು ನೆನಪಿಲ್ಲದಿದ್ದರೆ ಎರಡು ಡಿಗ್ರಿ ಬದಲಿಸಿ ನೋಡಿ, ಗುರುತು ದೂರ ಸರಿದರೆ ಇನ್ನೊಂದು ಕಡೆ. ಪರದೆಯಲ್ಲಿ 10 ಬರುವಂತೆ ಫಿಕ್ಸೆಡ್ ಅಂಕಿಯನ್ನು ಮುಟ್ಟಬೇಡಿ, ಬದಲಿಸಬೇಕಾದ್ದು ಟ್ರಿಗರ್ ಆಂಗಲ್ ಮಾತ್ರ. ಸರಿಯಾದ ಮೇಲೆ ಉಳಿಸಿ, ಕೀ ಆರಿಸಿ ಮತ್ತೆ ಹಾಕಿ, ಅಂಕಿ ನಿಜವಾಗಿ ಉಳಿದಿದೆಯೇ ನೋಡಿ.

ಇಲ್ಲಿಗೇ ಬಿಡುವವರು ಬಹಳ. ಬಿಡಬೇಡಿ. ಫಿಕ್ಸೆಡ್ 10 ಇರುವಾಗಲೇ ಎಂಜಿನ್ ಅನ್ನು 3000ಕ್ಕೆ ಏರಿಸಿ, ಲೈಟ್ ಹಿಡಿಯಿರಿ. ಗುರುತು ಅಲ್ಲಾಡದೆ 10ರಲ್ಲೇ ಇರಬೇಕು. ಸರಿಯುತ್ತಿದ್ದರೆ ಎಲ್ಲೋ ತಡವಾಗುತ್ತಿದೆ ಎಂದರ್ಥ. ಮೊದಲು ಹೇಳಿದ ಲೆಕ್ಕ ಇಲ್ಲಿ ಬರುತ್ತದೆ: ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೂ 1000 ಆರ್‌ಪಿಎಂನಲ್ಲಿ ಅದು 0.6 ಡಿಗ್ರಿ, ಕಣ್ಣಿಗೆ ಕಾಣದು. 5000ದಲ್ಲಿ ಅದೇ ತಡ 3 ಡಿಗ್ರಿ ಆಗುತ್ತದೆ. ಸುರುಳಿ ಮತ್ತು ಅಯಸ್ಕಾಂತ ಇರುವ ಎರಡು ತಂತಿಯ ಸೆನ್ಸರ್ ಆಗಿದ್ದರೆ ಬಹಳ ಸಲ ಕಾರಣ ಆ ಎರಡು ತಂತಿ ಅದಲುಬದಲಾಗಿರುವುದು. ಹಾಗಿದ್ದರೂ ಎಂಜಿನ್ ಓಡುತ್ತದೆ, ಐಡಲ್‌ನಲ್ಲಿ ಗುರುತೂ ಸರಿಯಾಗಿಯೇ ಕೂರುತ್ತದೆ, ವೇಗ ಏರಿದಾಗ ಜಾರುತ್ತದೆ. ತಂತಿ ಬದಲಿಸಿ, ಟ್ರಿಗರ್ ಆಂಗಲ್ ಮತ್ತೆ ಮೊದಲಿನಿಂದ ಇಡಿ. ಗುರುತು ಜಾರದೆ ಅಡ್ಡಾದಿಡ್ಡಿ ಕುಣಿಯುತ್ತಿದ್ದರೆ ಸೆನ್ಸರ್‌ನ ಬ್ರಾಕೆಟ್ ನಡುಗುತ್ತಿರಬಹುದು ಅಥವಾ ಚಕ್ರ ಓರೆಯಾಗಿರಬಹುದು. ನನ್ನ ಮೊದಲ ಬ್ರಾಕೆಟ್ ತೆಳು ತಗಡಿನದು, ಅದನ್ನು ಎಸೆದು ದಪ್ಪ ಆಂಗಲ್‌ನಲ್ಲಿ ಮಾಡಿಸಬೇಕಾಯಿತು.

ಕೊನೆಗೆ ಫಿಕ್ಸೆಡ್ ತೆಗೆದು ಮ್ಯಾಪ್‌ಗೆ ಮರಳಿ. ನಾನು ಒಮ್ಮೆ ಮರೆತು ಕೃಷ್ಣಗಿರಿಯವರೆಗೆ ಫಿಕ್ಸೆಡ್ 10ರಲ್ಲೇ ಹೋಗಿದ್ದೆ. ಗಾಡಿ ಎಮ್ಮೆಯಂತೆ ಎಳೆಯಿತು, ಸೈಲೆನ್ಸರ್ ಕಡೆ ಕೈ ಇಡಲಾಗದಷ್ಟು ಕಾವು. ಕಿಡಿ ತಡವಾದರೆ ಉರಿ ಹೊರಗಿನ ಪೈಪಿನವರೆಗೂ ಮುಂದುವರಿಯುತ್ತದೆ.

ಮ್ಯಾಪ್ ಎಂಬುದು ಒಂದು ಕೋಷ್ಟಕ. ಅಡ್ಡಕ್ಕೆ ಆರ್‌ಪಿಎಂ, ಉದ್ದಕ್ಕೆ ಮ್ಯಾನಿಫೋಲ್ಡ್‌ನ ಒತ್ತಡ. ನನ್ನ ಕಡಿಮೆ ಕಂಪ್ರೆಶನ್ ಎಂಜಿನ್‌ನಲ್ಲಿ ಈಗ ಐಡಲ್‌ಗೆ 10, ಪೂರ್ತಿ ಆಕ್ಸಿಲರೇಟರ್‌ಗೆ 3000ದ ಮೇಲೆ 28, ನೆಟ್ಟಗಿನ ರಸ್ತೆಯಲ್ಲಿ ಹಗುರವಾಗಿ ಹೋಗುವಾಗ 36 ಇದೆ. ಇದನ್ನು ನಕಲು ಮಾಡಬೇಡಿ, ನಿಮ್ಮ ಎಂಜಿನ್‌ನ ಪುಸ್ತಕದ ಅಂಕಿ ಹಿಡಿದು ಪೂರ್ತಿ ಲೋಡ್‌ನ ಸಾಲುಗಳಲ್ಲಿ ನಾಲ್ಕೈದು ಡಿಗ್ರಿ ಕಡಿಮೆಯಿಂದ ಶುರು ಮಾಡಿ. ಘಾಟಿಯಲ್ಲಿ ಸದ್ದಿಲ್ಲ ಎಂದು ಖಾತ್ರಿಯಾದ ಮೇಲೆ ಒಂದೊಂದೇ ಡಿಗ್ರಿ ಏರಿಸಿ. ಗೋಲಿ ಸದ್ದು ಬಂದರೆ ಕಾಲು ತೆಗೆಯಿರಿ, ಪೆಟ್ರೋಲನ್ನು ಬೈಯುವುದು ಆಮೇಲೆ. ಸ್ಟಾರ್ಟ್ ಮಾಡುವಾಗಿನ ಅಡ್ವಾನ್ಸ್ ಬೇರೆ ಕಡೆ ಇರುತ್ತದೆ, ಅದೂ ಕಡಿಮೆ ಇರಲಿ. ಹೆಚ್ಚಾದರೆ ಸ್ಟಾರ್ಟರ್ ಒದೆ ತಿನ್ನುತ್ತದೆ. ಹ್ಯಾಂಡಲ್ ಹೊಡೆಯುವವರ ಮಣಿಕಟ್ಟಿನ ಗತಿ ಹೇಳಬೇಕಿಲ್ಲ.

ಒತ್ತಡದ ಸೆನ್ಸರ್ ಸರಿಯಿದೆಯೇ ಎಂದು ನೋಡಲು ನಮ್ಮ ಸದಸ್ಯರಿಗೆ ಒಂದು ಅನುಕೂಲವಿದೆ. ನಾವು ಎಲ್ಲ ಎತ್ತರಗಳಲ್ಲೂ ಇದ್ದೇವೆ! ಎಂಜಿನ್ ನಿಂತಿರುವಾಗ ಕೀ ಹಾಕಿದರೆ ಪರದೆ ಆ ಊರಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಕಾಸರಗೋಡಿನಲ್ಲಿ ಸುಮಾರು 101 ಕಿಲೋಪಾಸ್ಕಲ್, ಸೊಲ್ಲಾಪುರ ಮತ್ತು ಆದೋನಿಯಲ್ಲಿ ಸುಮಾರು 96, ಹೊಸೂರಿನಲ್ಲಿ 91ರ ಆಸುಪಾಸು, ಊಟಿಯಲ್ಲಿ 77. ಹೊಸೂರಿನಲ್ಲಿ ನಿಂತು 101 ಬಂದರೆ ಸೆನ್ಸರ್‌ನ ಆಯ್ಕೆ ತಪ್ಪಾಗಿದೆ. ನೀಲಗಿರಿಯವರು ಇನ್ನೊಂದನ್ನು ಗಮನಿಸಬೇಕು. ಅಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಮ್ಯಾಪ್‌ನಲ್ಲಿ 77ರ ಸಾಲನ್ನು ದಾಟುವುದಿಲ್ಲ. ಅಲ್ಲಿ ಕೂತು ಮ್ಯಾಪ್ ಸರಿಮಾಡಿದರೆ 80ರಿಂದ 100ರವರೆಗಿನ ಸಾಲುಗಳನ್ನು ನೀವು ಪರೀಕ್ಷಿಸಿಯೇ ಇರುವುದಿಲ್ಲ. ಕಲ್ಲಟ್ಟಿಯ 36 ತಿರುವು ಇಳಿದು ಬಯಲಿಗೆ ಬಂದಾಗ ಅವು ಮೊದಲ ಸಲ ಕೆಲಸಕ್ಕೆ ಬರುತ್ತವೆ. ಆದ್ದರಿಂದ ಆ ಸಾಲುಗಳನ್ನು ಬೇಕೆಂದೇ ಕಡಿಮೆ ಇಟ್ಟು, ಕೆಳಗೆ ಬಂದು ಬೇರೆಯಾಗಿ ನೋಡಿ.

ಡಿಸ್ಟ್ರಿಬ್ಯೂಟರ್ ಏನು ಮಾಡಿದಿರಿ ಎಂದು ಕಾಸರಗೋಡಿನ ಹಿರಿಯರು ಕೇಳಿದ್ದರು. ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಡಬ್ಬಿಯಲ್ಲಿಟ್ಟಿದ್ದೇನೆ. ಅದಿದ್ದ ತೂತಿಗೆ ಅಲ್ಯೂಮಿನಿಯಂ ಬಿಲ್ಲೆ ಮುಚ್ಚಿದ್ದೇನೆ, ಯಾವುದನ್ನೂ ಕತ್ತರಿಸಿಲ್ಲ. ಅದಕ್ಕೆ ಕಾರಣವಿದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಲ್ಲಿ ವಿಂಟೇಜ್ ನೋಂದಣಿಗೆ ಗಾಡಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಆ ನೋಂದಣಿ ಬೇಕೆನ್ನುವವರು ಕೆಲಸಕ್ಕೆ ಕೈ ಹಾಕುವ ಮೊದಲೇ ತಮ್ಮ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಡಿಸ್ಟ್ರಿಬ್ಯೂಟರ್ ಗುಜರಿಗೆ ಹಾಕಿದ ಮೇಲೆ ಯೋಚಿಸಿ ಪ್ರಯೋಜನವಿಲ್ಲ. ಇನ್ನೂ ಚೆನ್ನಾಗಿರುವ ಡಿಸ್ಟ್ರಿಬ್ಯೂಟರ್ ನಿಮ್ಮಲ್ಲಿದ್ದರೆ ಇದೆಲ್ಲದರ ಅಗತ್ಯವೂ ಇಲ್ಲ, ಪಾಯಿಂಟ್ ಗ್ಯಾಪ್ ಸರಿಯಿಟ್ಟುಕೊಂಡು ಓಡಿಸಿ.

ನನ್ನ ಬಳಿ ಗುಂಡಿ ಇಲ್ಲದ ಹಳೆಯ ಟೈಮಿಂಗ್ ಲೈಟ್ ಒಂದಿದೆ, ಪಿಸ್ಟನ್ ತಡೆಯೂ ಇದೆ. ಸದಸ್ಯರಿಗೆ ಬೇಕಾದರೆ ಸಂಘದ ಕಚೇರಿಯಲ್ಲಿ ಹೇಳಿಡಿ, ಮುಂದಿನ ಕಾರ್ಯಕ್ರಮಕ್ಕೆ ಬರುವಾಗ ತರುತ್ತೇನೆ. ತಡೆ ಅಂಬಾಸಿಡರ್ ಪ್ಲಗ್‌ನ ಅಳತೆಯದು, ಬೇರೆ ಗಾಡಿಯವರು ತಮ್ಮ ಹಳೆಯ ಪ್ಲಗ್ ಒಂದನ್ನು ತಂದರೆ ಇಲ್ಲೇ ಮಾಡಿಸಿಕೊಡಬಹುದು. ಲೈಟ್ ಹಿಂದಿರುಗಿಸುವಾಗ ಮೂರೂ ಕ್ಲಿಪ್ಪು ಇದೆಯೇ ನೋಡಿ ಕೊಡಿ. ಕಳೆದ ಸಲ ಎರಡೇ ಬಂದಿತ್ತು.